ಎಸಿ ಓಡುತ್ತೆ, ಕೋಣೆ ಮಾತ್ರ ತಂಪಾಗಲ್ಲ: ವಿಜಯಪುರದ ಬೇಸಿಗೆಯಲ್ಲಿ ನಮ್ಮ ಪಾಡು

ನಮ್ಮ ಎಸಿ ಕೊನೆಗೂ ಸರಿಹೋಗಿದೆ. ಪೂರ್ತಿ ಕೆಟ್ಟು ನಿಂತಿದ್ದರೆ ಇಷ್ಟು ತಲೆಬಿಸಿ ಆಗುತ್ತಿರಲಿಲ್ಲ. ನಿಂತ ಯಂತ್ರಕ್ಕೆ ಏನಾಗಿದೆ ಅಂತ ಯಾರಾದರೂ ಬಂದು ಹೇಳುತ್ತಾರೆ. ನಮ್ಮದು ಓಡುತ್ತಿತ್ತು, ಗಾಳಿ ಬಿಡುತ್ತಿತ್ತು, ಪೈಪಿನಿಂದ ನೀರೂ ಹನಿಯುತ್ತಿತ್ತು, ಕರೆಂಟ್ ಬಿಲ್ಲಂತೂ ಏರುತ್ತಲೇ ಇತ್ತು. ಹೋದ ವರ್ಷ ಅರ್ಧ ತಾಸಿನಲ್ಲಿ ತಂಪಾಗುತ್ತಿದ್ದ ಕೋಣೆಗೆ ಈ ಸಲ ಎರಡು ತಾಸು ಹತ್ತುತ್ತಿತ್ತು. ಕೇಳಿದವರದೆಲ್ಲ ಒಂದೇ ಮಾತು: "ಗ್ಯಾಸ್ ಹೋಗೇತ್ರಿ, ಹಾಕಿಸಿಬಿಡ್ರಿ."

ಗ್ಯಾಸ್ ಕಡಿಮೆ ಆಗಿತ್ತು, ಹೌದು. ಆದರೆ ಅದೊಂದೇ ಆಗಿರಲಿಲ್ಲ. ಮೊದಲ ದಿನವೇ ದುಡ್ಡು ಕೊಟ್ಟು ಗ್ಯಾಸ್ ಹಾಕಿಸಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. ಅದಕ್ಕೇ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ನಾವಿರುವುದು ಜಲನಗರದ ಕಡೆ, ಬಾಡಿಗೆ ಮನೆ, ಮೇಲಿನ ಅಂತಸ್ತು. ನಮ್ಮ ಮನೆಯವರಿಗೆ ಕೂಡಗಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ. ರಾತ್ರಿ ಪಾಳಿ ಇದ್ದರೆ ಬೆಳಿಗ್ಗೆ ಬಂದು ಮಧ್ಯಾಹ್ನ ಮಲಗಬೇಕು. ವಿಜಯಪುರದ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 40 ಡಿಗ್ರಿ ದಾಟಿದರೂ ಅದು ಸುದ್ದಿಯಲ್ಲ. ಕೋಣೆ 12 ಅಡಿಗೆ 14 ಅಡಿ, ಪಡುವಣ ಗೋಡೆ ಪೂರ್ತಿ ಬಿಸಿಲಿಗೆ, ತಲೆ ಮೇಲೆ ನೇರ ಸ್ಲ್ಯಾಬು. ಎಸಿ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್, ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡುವ, ಒಳಗೊಂದು ಹೊರಗೊಂದು ಯೂನಿಟ್ ಇರುವ ಬಗೆ. ಇದು ಅದರ ಮೂರನೇ ಬೇಸಿಗೆ.

ಯಾರನ್ನಾದರೂ ಕರೆಸುವ ಮುಂಚೆ ಮನೆಯಲ್ಲೇ ನೋಡಬೇಕಾದ್ದು ಕೆಲವಿದೆ. ಫಿಲ್ಟರ್ ತೆಗೆದು ತೊಳೆಯಿರಿ. ನಮ್ಮ ಕಡೆಯ ಧೂಳಿಗೆ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ತೊಳೆದರೂ ಜಾಸ್ತಿ ಅಲ್ಲ. ರಿಮೋಟಿನಲ್ಲಿ ಹಿಮದ ಹರಳಿನ ಚಿತ್ರ ಇರುವ ಕೂಲ್ ಮೋಡ್ ಇದೆಯಾ ನೋಡಿ. ಇನ್ನೊಂದು, ಈಗಿನ ಎಸಿಗಳಲ್ಲಿ ಶಕ್ತಿಯನ್ನು 80, 60, 40 ಪರ್ಸೆಂಟಿಗೆ ಇಳಿಸುವ ಬಟನ್ ಇರುತ್ತದೆ, ಕನ್ವರ್ಟಿಬಲ್ ಅಂತಾರೆ. ಕೋಣೆಯಲ್ಲಿ ಒಬ್ಬರೇ ಇದ್ದಾಗ ಕರೆಂಟ್ ಉಳಿಸಲು ಅದು. ಮಕ್ಕಳು ರಿಮೋಟ್ ಹಿಡಿದು ಆಡುವಾಗ ಅದು 40ಕ್ಕೆ ಹೋಗಿ ಕೂತರೆ ಕೋಣೆ ತಂಪಾಗುವುದೇ ಇಲ್ಲ. ನಮ್ಮದು ಸರಿಯಾಗೇ ಇತ್ತು. ನಾನು ಹೇಳಿದ ಮೇಲೆ ಪಕ್ಕದ ಮನೆಯವರು ತಮ್ಮದನ್ನು ನೋಡಿಕೊಂಡರು. ಅವರ ಕಾಯಿಲೆ ಅಷ್ಟೇ ಇತ್ತು, ಒಂದು ರೂಪಾಯಿ ಖರ್ಚಿಲ್ಲದೆ ವಾಸಿಯಾಯಿತು. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾದೀತು.

16ಕ್ಕೆ ಇಟ್ಟರೆ ಬೇಗ ತಂಪಾಗುತ್ತೆ ಅಂತ ನಮ್ಮ ಅತ್ತೆಯವರ ವಾದ. ಹಾಗೇನಿಲ್ಲ. ಕೋಣೆ 36 ಡಿಗ್ರಿ ಇರುವಾಗ 24ಕ್ಕೆ ಇಟ್ಟರೂ 16ಕ್ಕೆ ಇಟ್ಟರೂ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ತನ್ನ ಪೂರ್ತಿ ಶಕ್ತಿಯಲ್ಲೇ ಓಡುತ್ತದೆ. 24 ಮುಟ್ಟಿದ ಮೇಲಷ್ಟೇ ವ್ಯತ್ಯಾಸ.

ಇಷ್ಟೆಲ್ಲ ನೋಡಿದ ಮೇಲೆ ನಾನು ಮಾಡಿದ ಕೆಲಸ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಮೀನಿನ ತೊಟ್ಟಿಗೆ ಹಾಕುವ ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು 150 ರೂಪಾಯಿಗೆ ತಂದೆ. ಎಸಿಯನ್ನು ಫುಲ್ ಫ್ಯಾನಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಮೇಲಿನ ಜಾಲರಿಯಲ್ಲಿ ಒಳಗೆ ಎಳೆಯುವ ಗಾಳಿ ಎಷ್ಟಿದೆ, ಕೆಳಗಿನಿಂದ ಹೊರಬರುವ ಗಾಳಿ ಎಷ್ಟಿದೆ ಅಂತ ಅಳೆದೆ. ಎರಡರ ನಡುವೆ 10 ಡಿಗ್ರಿಯ ಆಸುಪಾಸು ಅಂತರ ಇದ್ದರೆ ಯಂತ್ರ ದುಡಿಯುತ್ತಿದೆ ಅಂತ ಅರ್ಥ, ಕೋಣೆಯ ಶಾಖವೇ ಜಾಸ್ತಿ. ಅಂತರ ಕಡಿಮೆ ಇದ್ದರೆ ತೊಂದರೆ ಯಂತ್ರದಲ್ಲೇ. ನಮ್ಮಲ್ಲಿ ಒಳಗೆ ಹೋಗುವುದು 34, ಹೊರಗೆ ಬರುವುದು 29. ಅಂತರ ಬರೀ 5.

ಆ ಎರಡು ಅಂಕಿ ಕೈಯಲ್ಲಿ ಇಟ್ಟುಕೊಂಡು ಕಂಪನಿಗೆ ಫೋನ್ ಹಚ್ಚಿದೆ. ಒಂದು ಎಚ್ಚರಿಕೆ: ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ನಕಲಿ ನಂಬರುಗಳೇ ಮೇಲೆ ಬರುವುದುಂಟು, ಆ ಕಡೆಯವರು ಹತ್ತು ರೂಪಾಯಿ ಕಳಿಸಿ ಅಂತ ಲಿಂಕ್ ಕೊಟ್ಟು ಖಾತೆಯನ್ನೇ ಬರಿದು ಮಾಡುತ್ತಾರೆ. ವಾರಂಟಿ ಪುಸ್ತಕದಲ್ಲಿರುವ ನಂಬರೇ ಸರಿ. ಅಕಸ್ಮಾತ್ ಮೋಸ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಅವರು ಕೇಳಿದ್ದು ಮಾಡೆಲ್ ನಂಬರ್, ಸೀರಿಯಲ್ ನಂಬರ್, ಬಿಲ್ಲು. ನಂಬರುಗಳು ಒಳಗಿನ ಯೂನಿಟ್ಟಿನ ಬದಿಯ ಸ್ಟಿಕರಿನಲ್ಲಿ ಇರುತ್ತವೆ, ಸ್ಟೂಲ್ ಹತ್ತಿ ಮೊಬೈಲಿನಲ್ಲಿ ಫೋಟೊ ತೆಗೆದರೆ ಆಯಿತು. ಬಿಲ್ಲಿನದೇ ಫಜೀತಿ. ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದೆ, ಆದರೆ ಅದು ಆ ನುಣುಪು ಕಾಗದದ ಬಿಲ್ಲು. ಬಿಸಿಲೂರಿನ ಸೆಕೆಗೆ ಅಕ್ಷರವೆಲ್ಲ ಮಾಸಿ ಬಿಳಿ ಹಾಳೆ ಉಳಿದಿತ್ತು. ಸ್ಟೇಷನ್ ರೋಡಿನ ಕಡೆಯ ಅಂಗಡಿಗೆ ಹೋದೆ. ಕಂಪ್ಯೂಟರ್ ಹುಡುಗ ಊಟಕ್ಕೆ ಹೋಗಿದ್ದಾನೆ, ಸಂಜೆ ಬನ್ನಿ ಅಂದರು. ಸಂಜೆ ಹೋದರೆ ಸರ್ವರ್ ಇಲ್ಲ. ಕೊನೆಗೆ ನಮ್ಮ ಮೊಬೈಲ್ ನಂಬರ್ ಹಾಕಿ ಹುಡುಕಿ, ಜಿಎಸ್‌ಟಿ ಬಿಲ್ಲಿನ ಇನ್ನೊಂದು ಪ್ರತಿ ತೆಗೆದು ಕೊಟ್ಟರು. ಯಾವುದೇ ದೊಡ್ಡ ಸಾಮಾನು ತಂದ ದಿನವೇ ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ.

ವಾರಂಟಿ ಪುಸ್ತಕವನ್ನು ಆಗ ಪೂರ್ತಿ ಓದಿದೆ. ಇಡೀ ಯಂತ್ರಕ್ಕೆ 1 ವರ್ಷ, ಕಂಪ್ರೆಸರಿಗೆ 10 ವರ್ಷ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಈ 10 ಮಾತ್ರ. ಗ್ಯಾಸು, ಪೈಪು, ಪ್ಲಾಸ್ಟಿಕ್ ಎಲ್ಲ ನಮ್ಮ ಲೆಕ್ಕಕ್ಕೆ. ಬಂದು ನೋಡಿ ಹೋಗುವುದಕ್ಕೇ 500, ಅದರ ಮೇಲೆ ತೆರಿಗೆ ಸೇರಿ 590 ರೂಪಾಯಿ.

ಆಮೇಲೆ ಕಾಯುವ ಕೆಲಸ. "ನಾಳೆ ಬರ್ತಾರೆ" ಅಂತ ಮೆಸೇಜ್ ಬರುತ್ತದೆ. ನಾಳೆ ಯಾರೂ ಬರುವುದಿಲ್ಲ. ಫೋನ್ ಮಾಡಿದರೆ ಹಿಂದಿಯಲ್ಲಿ ಒಂದು ಕ್ಷಮೆ, ಮತ್ತೊಂದು ತಾರೀಕು. ನಾನು ಶಿಕ್ಷಕಿ, ಬೇಸಿಗೆ ರಜೆ ಇದ್ದದ್ದು ನಮ್ಮ ಪುಣ್ಯ. ಮನೆಯವರು ಅಷ್ಟು ದಿನ ಕೆಳಗಿನ ಹಾಲಿನಲ್ಲಿ, ಮಾಲೀಕ ಕಾಕಾ ಅವರ ಟಿವಿ ಸದ್ದಿನ ನಡುವೆ, ಕೂಲರಿನ ಮುಂದೆ ಚಾಪೆ ಹಾಸಿ ಮಲಗಿದರು. ನಿದ್ದೆಗೆಟ್ಟ ಮನುಷ್ಯನ ಜೊತೆ ಸಂಸಾರ ಮಾಡುವುದು ಎಸಿ ರಿಪೇರಿಗಿಂತ ಕಷ್ಟ.

ಕೊನೆಗೆ ಬಂದ ಹುಡುಗ ಒಳಗಿನ ಯೂನಿಟ್ಟಿನ ಮುಂದೆ ಕೈ ಹಿಡಿದ, ಹೊರಗಿನ ಪೈಪು ಮುಟ್ಟಿ ನೋಡಿದ. ಐದು ನಿಮಿಷ ಆಗಿರಬೇಕು. "ಗ್ಯಾಸ್ ಕಡಿಮಿ ಆಗೇತ್ರಿ ಅಕ್ಕಾರ. ಮೂರು ಸಾವಿರದ ಎರಡು ನೂರು ಆಗ್ತೈತಿ. ನಾಳೆ ಬಂದು ತುಂಬ್ತೀನಿ."

"ಗೇಜ್ ಹಚ್ಚಿ ನೋಡಪ್ಪಾ ಮೊದಲು," ಅಂದೆ. ಗ್ಯಾಸಿನ ಒತ್ತಡ ತೋರಿಸುವ ಮೀಟರು ಅದು.

"ಗೇಜ್ ಗಾಡ್ಯಾಗಿಲ್ರಿ ಇವತ್ತು. ನಮಗ ಕೈಲೇ ಗೊತ್ತಾಗ್ತೈತಿ."

"ಗ್ಯಾಸ್ ಎಲ್ಲಿಂದ ಹೋತು ಅಂತ ನೋಡೂದಿಲ್ಲೇನು?"

"ಅದು ತಾನ ಕಡಿಮಿ ಆಗ್ತಿರ್ತೈತ್ರಿ, ಗಾಡಿ ಪೆಟ್ರೋಲ್ ಇದ್ದಂಗ."

ಇಲ್ಲಿ ನಾನು ನಿಂತೆ. ಎಸಿಯ ಗ್ಯಾಸ್ ಉರಿದು ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಒಳಗಿನ ಶಾಖ ಹೀರಿಕೊಂಡು ಹೋಗಿ ಹೊರಗೆ ಬಿಡುವುದು ಅದರ ಕೆಲಸ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿದರೆ ಅದೂ ಅದೇ ದಾರಿ ಹಿಡಿದು ಹೋಗುತ್ತದೆ.

ಹೊರಡುವಾಗ ಅವನು ಮೊಬೈಲಿಗೆ ಬಂದ ಕೋಡ್ ಹೇಳಿ ಅಂದ. ಹ್ಯಾಪಿ ಕೋಡ್ ಅಂತ ಅದರ ಹೆಸರು. ಅದನ್ನು ಹೇಳಿದರೆ ಕೆಲಸ ಮುಗಿಯಿತು, ಗ್ರಾಹಕರು ಸಂತೋಷವಾಗಿದ್ದಾರೆ ಅಂತ ಕಂಪನಿಯ ಲೆಕ್ಕಕ್ಕೆ ಹೋಗುತ್ತದೆ. ನಾನು ಸಂತೋಷವಾಗಿರಲಿಲ್ಲ, ಹೇಳಲಿಲ್ಲ. ಹುಡುಗನ ಮುಖ ಸಣ್ಣಗಾಯಿತು, ಪಾಪ ಅನ್ನಿಸಿತು. ಅವನ ಮೇಲೂ ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅನ್ನುವ ಒತ್ತಡ ಇರುತ್ತದೆ. ಆದರೂ ಕೋಡ್ ಕೊಟ್ಟರೆ ದೂರು ಮುಚ್ಚಿಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು, ಮತ್ತೆ 590. ಕೆಲಸ ಮುಗಿದು, ಅಂತರ ಅಳೆದು ನೋಡುವವರೆಗೆ ಕೋಡ್ ಕೊಡಬೇಡಿ. ಅವನ ಸರ್ವಿಸ್ ಹಾಳೆಯಲ್ಲಿ "ಗೇಜ್ ಹಚ್ಚಿ ನೋಡಿಲ್ಲ" ಅಂತ ಬರೆಸಿ, ಸಹಿ ಹಾಕಿಸಿಕೊಂಡು ಕಳಿಸಿದೆ.

ಈ ನಡುವೆ ಗಾಂಧಿ ಚೌಕದ ಹತ್ತಿರ ಫ್ರಿಜ್ ರಿಪೇರಿ ಮಾಡುವ ಒಬ್ಬ ಹಿರಿಯರನ್ನು ಕಾಕಾ ಕರೆತಂದರು. ಎಲ್ಲರೂ ಅವರಿಗೆ ಚಾಚಾ ಅಂತಾರೆ. ಅವರು ಕೋಣೆಯೊಳಗೆ ಬರಲೇ ಇಲ್ಲ. ಸೀದಾ ಮಾಳಿಗೆ ಹತ್ತಿದರು. "ಒಳಗ ಏನ್ ನೋಡೂದೈತಿ ಬೇಟಾ? ರೋಗ ಹೊರಗ ಇರತೈತಿ."

ನಮ್ಮ ಹೊರಗಿನ ಯೂನಿಟ್ ಮಾಳಿಗೆಯ ಮೂಲೆಯಲ್ಲಿದೆ. ಪಾರಿವಾಳ ಗೂಡು ಕಟ್ಟುತ್ತವೆ, ಬಿಸಿಲೂ ಬಡಿಯುತ್ತದೆ ಅಂತ ಕಾಕಾ ಅವರೇ ಪ್ರೀತಿಯಿಂದ ಅದಕ್ಕೆ ಮೇಲೊಂದು ತಗಡು ಹಾಕಿಸಿ, ಮೂರೂ ಕಡೆ ಹಸಿರು ನೆಟ್ ಬಿಗಿಸಿದ್ದರು. ಚಾಚಾ ನನ್ನ ಥರ್ಮಾಮೀಟರ್ ಇಸಿದುಕೊಂಡರು. ಮಾಳಿಗೆಯ ನೆರಳಿನಲ್ಲಿ 41 ಡಿಗ್ರಿ. ನೆಟ್ಟಿನ ಒಳಗೆ, ಯೂನಿಟ್ ಗಾಳಿ ಎಳೆದುಕೊಳ್ಳುವ ಹಿಂಬದಿಯಲ್ಲಿ 49. ಅಂದರೆ ಅದು ತಾನೇ ಹೊರಗೆ ಬಿಟ್ಟ ಬಿಸಿಗಾಳಿಯನ್ನು ಮತ್ತೆ ತಾನೇ ಎಳೆದುಕೊಳ್ಳುತ್ತಿತ್ತು.

ಒಂದು ಟನ್ ಅಂದರೆ ತಾಸಿಗೆ 12,000 ಬಿಟಿಯು (ಶಾಖ ಅಳೆಯುವ ಮಾನ), ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖ ಹೊರಹಾಕುವ ಶಕ್ತಿ. ಸ್ಟಿಕರಿನ ಮೇಲಿನ ಈ ಅಂಕಿಯನ್ನು ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. ಹೊರಗಿನ ಬಿಸಿ ಏರಿದಷ್ಟೂ ಶಾಖ ಬಿಡುವುದು ಕಷ್ಟವಾಗುತ್ತದೆ, ತಂಪು ಕಡಿಮೆಯಾಗುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. 49ರಲ್ಲಿ ನಮ್ಮ ಒಂದೂವರೆ ಟನ್ ಹೆಸರಿಗಷ್ಟೇ ಒಂದೂವರೆ.

ಕಾಕಾ ಅವರಿಗೆ ಇದನ್ನು ಹೇಳುವುದು ಹೇಗೆ ಅಂತ ನನಗೆ ಚಿಂತೆ. ಚಾಚಾ ಸುಲಭ ಮಾಡಿದರು. "ಮೂಗಿಗೆ ಬಟ್ಟಿ ಕಟ್ಟಿ ಓಡು ಅಂದ್ರ ಹೆಂಗ ಓಡತೈತ್ರಿ ಸಾಹೇಬ್ರ?" ಕಾಕಾ ನಕ್ಕು ತಾವೇ ಕತ್ತರಿ ತಂದರು. ತಗಡನ್ನು ಒಂದೂವರೆ ಅಡಿ ಮೇಲೆತ್ತಿ ನೆರಳು ಉಳಿಸಿದೆವು. ಮುಂದೆ ಏನೂ ಅಡ್ಡ ಇಲ್ಲ, ಹಿಂದೆ ಗೋಡೆಯಿಂದ ಒಂದಡಿ ಜಾಗ.

ಯೂನಿಟ್ಟಿನ ಹಿಂಬದಿಯ ತೆಳು ಲೋಹದ ಪದರಗಳ ನಡುವೆ ಎರೆಮಣ್ಣಿನ ಧೂಳು, ಪಾರಿವಾಳದ ಪುಕ್ಕ, ಎಲ್ಲ ಸೇರಿ ಕಂಬಳಿ ಹೊದ್ದಂತಿತ್ತು. ಮೇನ್ ಸ್ವಿಚ್ ಆಫ್ ಮಾಡಿ, ಪಂಪಿನಿಂದ ನೀರು ಒಳಗಿನಿಂದ ಹೊರಗೆ ಬರುವಂತೆ ನೇರವಾಗಿ ಬಿಟ್ಟು ತೊಳೆದರು. ಓರೆಯಾಗಿ ಜೋರು ನೀರು ಬಿಟ್ಟರೆ ಆ ತೆಳು ಪದರ ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತದಂತೆ. ಕೆಳಗೆ ಇಳಿದ ನೀರು ನಮ್ಮ ಹೊಲದ ಮಣ್ಣಿನ ಬಣ್ಣ. 700 ರೂಪಾಯಿ. ಒಣಗಿದ ಮೇಲೆ ಮತ್ತೆ ಅಳೆದೆ, ಅಂತರ 5 ಇದ್ದದ್ದು 8 ಆಗಿತ್ತು. ಒಂದು ಪೈಸೆಯ ಗ್ಯಾಸ್ ಹಾಕದೆ!

ಆದರೂ 8 ಸಾಲದು. ತೊಳೆಯುವಾಗ ಚಾಚಾ ಸಣ್ಣ ಪೈಪಿನ ಜೋಡಣೆಯ ಹತ್ತಿರ ಎಣ್ಣೆ ಜಿಡ್ಡು ತೋರಿಸಿದ್ದರು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಸೋರಿದಲ್ಲಿ ಆ ಜಿಡ್ಡು ಉಳಿಯುತ್ತದೆ. ಸೋಪಿನ ನೊರೆ ಹಚ್ಚಿದರು. ನಟ್ಟಿನ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಅದನ್ನು ವಿಡಿಯೊ ಮಾಡಿಕೊಂಡೆ.

"ನಾ ಬಿಚ್ಚಿದ್ರ ನಿಮ್ಮ ಕಂಪ್ರೆಸರ್ ವಾರಂಟಿ ಹೋಗತೈತಿ. ಕಂಪನ್ಯಾರ ಕಡೆನ ಮಾಡಸ್ರಿ, ಆದ್ರ ಮುಂದ ನಿಂತು ಮಾಡಸ್ರಿ," ಅಂದರು ಚಾಚಾ. ಸಿಗುವ ಕೆಲಸ ಬಿಟ್ಟು ಹೀಗೆ ಹೇಳುವವರು ಕಡಿಮೆ. ಏನೇನು ಕೇಳಬೇಕು ಅಂತಲೂ ಹೇಳಿಕೊಟ್ಟರು.

ವಾರಂಟಿ ಪುಸ್ತಕದ ಕೊನೆ ಪುಟದಲ್ಲಿ ಮೇಲಧಿಕಾರಿಯ ಇಮೇಲ್ ಇತ್ತು. ಬಿಲ್ಲು, ಸಹಿ ಹಾಕಿದ ಹಾಳೆ, ಗುಳ್ಳೆಯ ವಿಡಿಯೊ, ಥರ್ಮಾಮೀಟರಿನ ಫೋಟೊ ಕಳಿಸಿದೆ. ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಕನ್ನಡದಲ್ಲೇ ಮಾತಾಡಬಹುದು, ದೂರಿನ ನಂಬರ್ ಕೊಡುತ್ತಾರೆ. ಅದಾದ ಮೇಲೆ ಕಂಪನಿಯವರ ದನಿ ಬದಲಾಯಿತು. ಈ ಸಲ ಬಂದವರು ವಯಸ್ಸಿನಲ್ಲೂ ಅನುಭವದಲ್ಲೂ ದೊಡ್ಡವರು. ಗೇಜು, ನೈಟ್ರೋಜನ್ ಸಿಲಿಂಡರು, ವ್ಯಾಕ್ಯೂಮ್ ಪಂಪು, ತೂಕದ ಯಂತ್ರ ಎಲ್ಲ ತಂದಿದ್ದರು.

ಸರಿಯಾದ ಕೆಲಸ ಹೇಗೆ ನಡೆಯುತ್ತೆ ಅಂತ ಆವತ್ತು ಕಣ್ಣಾರೆ ನೋಡಿದೆ. ಉಳಿದ ಗ್ಯಾಸ್ ತೆಗೆದು ಸೋರುತ್ತಿದ್ದ ನಟ್ ಬಿಚ್ಚಿದರು. ತಾಮ್ರದ ಪೈಪಿನ ಬಾಯಿ ಅರಳಿಸಿದ ಜಾಗದಲ್ಲಿ ಕೂದಲಿನಂಥ ಬಿರುಕು. ಹೊಸದಾಗಿ ಎಸಿ ಕೂರಿಸುವಾಗ ನಟ್ ಅತಿಯಾಗಿ ಬಿಗಿದರೆ ಹೀಗಾಗುತ್ತದೆ ಅಂದರು. ಅಷ್ಟು ತುಂಡು ಕತ್ತರಿಸಿ ಹೊಸದಾಗಿ ಅರಳಿಸಿ ಕೂಡಿಸಿದರು. ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದಾ ಅಂತ ಕಾಯ್ದರು. ಆ ಹೊತ್ತಿಗೆ ಚಹಾ ಆಯಿತು. ಆಮೇಲೆ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆದರು. ಅರ್ಧ ತಾಸಿಗಿಂತ ಜಾಸ್ತಿ ಹಿಡಿಯಿತು. ಅವಸರದವರು ಪಂಪಿನ ಬದಲು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ನೂಕಿಬಿಡುತ್ತಾರೆ. ಅದಕ್ಕೆ ಒಪ್ಪಬೇಡಿ, ಒಳಗುಳಿದ ತೇವ ಕಂಪ್ರೆಸರಿಗೆ ವಿಷ.

ಕೊನೆಗೆ ಗ್ಯಾಸ್. ನಮ್ಮದು ಆರ್-32. ಎಷ್ಟು ಗ್ರಾಂ ಬೇಕು ಅಂತ ಹೊರಗಿನ ಯೂನಿಟ್ಟಿನ ಸ್ಟಿಕರಿನಲ್ಲೇ ಬರೆದಿರುತ್ತದೆ. ಸಿಲಿಂಡರನ್ನು ತೂಕಕ್ಕಿಟ್ಟು ಅಷ್ಟೇ ಬಿಟ್ಟರು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗ ಬದಲಾದಂತೆ ಗೇಜಿನ ಮುಳ್ಳೂ ಬದಲಾಗುತ್ತದೆ, ಅದನ್ನೊಂದೇ ನಂಬಿ ತುಂಬಿದರೆ ಹೆಚ್ಚೂಕಮ್ಮಿ ಆಗುತ್ತದೆ. ಆರ್-32 ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್ ಕೂಡ. ಕೆಲಸ ನಡೆಯುವಾಗ ಹತ್ತಿರ ಬೀಡಿ, ಬೆಂಕಿ ಬೇಡ. ಒಟ್ಟು 3,400 ಆಯಿತು, 590 ಬಿಟ್ಟುಕೊಟ್ಟರು. ಅಳೆದಾಗ ಅಂತರ 12. ಕೋಡ್ ಹೇಳಿದೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮಧ್ಯಾಹ್ನ ಚೆನ್ನಾಗಿ ನಡೆದ ಎಸಿ ಸಂಜೆ ಏಳರ ಮೇಲೆ ಮತ್ತೆ ಮಂದ! ಆ ಹೊತ್ತಿನಲ್ಲಿ ಫ್ಯಾನೂ ನಿಧಾನ ತಿರುಗುತ್ತದೆ ಅಂತ ಗಮನಿಸಿದ್ದು ಅತ್ತೆ. ಸಾಕೆಟ್ಟಿಗೆ ಚುಚ್ಚುವ 200 ರೂಪಾಯಿಯ ವೋಲ್ಟ್ ಮೀಟರ್ ತಂದು ನೋಡಿದರೆ ಸಂಜೆ 178. ಮಧ್ಯಾಹ್ನ 220 ಇರುತ್ತಿತ್ತು. ವೋಲ್ಟೇಜ್ ಇಳಿದರೆ ಇನ್ವರ್ಟರ್ ಎಸಿ ತನ್ನನ್ನು ತಾನು ಕಾಪಾಡಿಕೊಳ್ಳಲು ಕಂಪ್ರೆಸರಿನ ವೇಗ ತಗ್ಗಿಸುತ್ತದೆ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರ ಇದೆ, ಮನೆಯವರು ಅಲ್ಲೇ ಬೆವರು ಸುರಿಸಿ ಬರುತ್ತಾರೆ, ಮನೆಯ ಸಾಕೆಟ್ಟಿನಲ್ಲಿ 178. ನಗಬೇಕೋ ಅಳಬೇಕೋ.

ಕರೆಂಟಿನ ದೂರಿಗೆ ಇರುವ 1912ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಸಂಜೆಯ ಮೀಟರಿನ ಫೋಟೊ ಇಟ್ಟುಕೊಂಡದ್ದು ಒಳ್ಳೆಯದಾಯಿತು, ಯಾಕೆಂದರೆ ಲೈನ್‌ಮನ್ ಬಂದದ್ದು ಹಗಲಿನಲ್ಲಿ, ಆಗ ಎಲ್ಲ ಸರಿಯಾಗೇ ಇತ್ತು. ಫೋಟೊ ನೋಡಿ ಕಂಬ ಹತ್ತಿದ. ಕಂಬದಲ್ಲಿ ಕರೆಂಟಿನ ತಂತಿ ಮೂರು, ಒಂದೊಂದಕ್ಕೂ ಫೇಸ್ ಅಂತಾರೆ. ನಮ್ಮ ಸಾಲಿನ ಹೆಚ್ಚಿನ ಮನೆಗಳು ಒಂದೇ ಫೇಸಿನಲ್ಲಿದ್ದವು, ನಮ್ಮ ತಂತಿಯ ಜೋಡಣೆಯೂ ಸುಟ್ಟು ಕಪ್ಪಾಗಿತ್ತು. ಜೋಡಣೆ ಹೊಸದು ಮಾಡಿ ಬೇರೆ ಫೇಸಿಗೆ ಹಾಕಿದ. ಈಗ ಸಂಜೆ 205ರಿಂದ 210.

ಇನ್ನು ಸ್ಲ್ಯಾಬು. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹತ್ತರವರೆಗೂ ಕೆಳಗೆ ಶಾಖ ಬಿಡುತ್ತಿರುತ್ತದೆ. ಗೋಲಗುಮ್ಮಟದೊಳಗೆ ಮೇ ತಿಂಗಳಲ್ಲೂ ತಂಪು ಯಾಕೆ ಅಂದರೆ ಅದರ ಗೋಡೆಯ ದಪ್ಪವೇ ಸುಮಾರು 3 ಮೀಟರ್. ಅತ್ತೆಯ ತವರಿನ ಮಣ್ಣಿನ ಮಾಳಿಗೆಯೂ ಹಾಗೇ ತಣ್ಣಗಿತ್ತಂತೆ. ನಮಗಿರುವುದು ಐದಿಂಚಿನ ಕಾಂಕ್ರೀಟು. ಕಾಕಾ ಅವರನ್ನು ಒಪ್ಪಿಸಿ, ಮಾಳಿಗೆಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಎರಡು ಕೋಟ್ ಹೊಡೆಸಿದೆವು. ಖರ್ಚು ಅರ್ಧರ್ಧ, ನಮ್ಮ ಪಾಲಿಗೆ 2,600. ಸ್ಲ್ಯಾಬಿನ ತಳಕ್ಕೆ ಕೈ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಬರೀ ಸುಣ್ಣ ಹೊಡೆದರೂ ನಡೆಯುತ್ತದೆ, ಆದರೆ ಪ್ರತಿ ವರ್ಷ ಹೊಡೆಯಬೇಕು.

ಚಾಚಾ ಕೇಳಿದ ಒಂದು ಪ್ರಶ್ನೆ ಹೇಳುವುದು ಮರೆತೆ: "ಎಸಿ ಜೋಡಿ ಕೂಲರ್ ಹಚ್ತೀರೇನು?" ನಾವು ಹಚ್ಚುತ್ತಿರಲಿಲ್ಲ, ಆದರೆ ಇಲ್ಲಿ ಬಹಳ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಓಡಿಸುತ್ತಾರೆ. ಕೂಲರ್ ಗಾಳಿಗೆ ತೇವ ಸೇರಿಸುತ್ತದೆ, ಎಸಿ ಆ ತೇವವನ್ನು ನೀರು ಮಾಡಿ ಹೊರಗೆ ಹಾಕುವುದರಲ್ಲೇ ಶಕ್ತಿ ಕಳೆಯುತ್ತದೆ. ನಮ್ಮ ಒಣ ಹವೆಗೆ ಕೂಲರ್ ಒಳ್ಳೆಯದೇ, ಆದರೆ ಕಿಟಕಿ ತೆರೆದಿಟ್ಟು, ಎಸಿ ಬಂದ್ ಮಾಡಿ.

ಈಗ ಮಧ್ಯಾಹ್ನ ಮೂವತ್ತೈದು ನಿಮಿಷಕ್ಕೆ ಕೋಣೆ 26ಕ್ಕೆ ಬರುತ್ತದೆ. ಮಾಳಿಗೆಯ ಬಣ್ಣ ಬಿಟ್ಟರೆ ಥರ್ಮಾಮೀಟರು, ಮೀಟರು, ತೊಳೆದದ್ದು, ಗ್ಯಾಸು ಎಲ್ಲ ಸೇರಿ 4,450 ಖರ್ಚಾಯಿತು. ವೋಲ್ಟೇಜ್ ಏರಿಳಿತ ಸರಿಪಡಿಸುವ ಸ್ಟೆಬಿಲೈಜರ್ ಇನ್ನೂ ತಂದಿಲ್ಲ. ಸಂಜೆ ವೋಲ್ಟೇಜ್ ಮತ್ತೆ 190ರ ಕೆಳಗೆ ಇಳಿದರೆ ಮಾತ್ರ ತನ್ನಿ, ತಂದರೆ 4 ಕೆವಿಎ ಶಕ್ತಿಯದ್ದೇ ತನ್ನಿ ಅಂತ ಚಾಚಾ ಹೇಳಿದ್ದಾರೆ.